ಎರೆ ನೆಲದ ಮನೆಗೆ ಕೈತೋಟ: ಗುಂಡಿ ಬೇಡ, ದಿಬ್ಬ ಮಾಡಿ

ಮುಂಗಾರು ಶುರುವಾಗುವ ಹೊತ್ತಿಗೆ ನರ್ಸರಿಯಿಂದ ಒಂದು ಪಪ್ಪಾಯಿ ಸಸಿ ತರುತ್ತೀರಿ. ಕಾಂಪೌಂಡಿನ ಪಕ್ಕ ಒಂದೂವರೆ ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ತುಂಬಿ, ಶ್ರದ್ಧೆಯಿಂದ ನೆಟ್ಟು ದಿನಾ ನೀರು ಹಾಕುತ್ತೀರಿ. ಗಿಡ ಒಂದೆರಡು ತಿಂಗಳು ಚೆನ್ನಾಗಿಯೇ ಏಳುತ್ತದೆ. ಆಮೇಲೆ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ಕೆಳಗಿನ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ, ಬುಡ ಮೆತ್ತಗಾಗಿ ಗಿಡ ಒರಗಿಕೊಳ್ಳುತ್ತದೆ. ಮನೆಯವರು ಗೊಬ್ಬರ ಸಾಲಲಿಲ್ಲ ಎನ್ನುತ್ತಾರೆ, ಪಕ್ಕದವರು ಕೈಗುಣ ಸರಿಯಿಲ್ಲ ಎನ್ನುತ್ತಾರೆ.

ದಾವಣಗೆರೆ, ಹರಿಹರದ ಎಷ್ಟೋ ಹಿತ್ತಿಲುಗಳಲ್ಲಿ ವರ್ಷವರ್ಷವೂ ಹೀಗೇ ಆಗುತ್ತದೆ. ಗಿಡ ಸಾಯುವುದು ಕೈಗುಣದಿಂದಲ್ಲ, ಬೇರಿಗೆ ಗಾಳಿ ಸಿಗದೆ. ಇದೊಂದನ್ನು ಅರ್ಥ ಮಾಡಿಕೊಂಡರೆ ಗೊಬ್ಬರ, ಔಷಧಿಗೆ ಹಾಕುವ ಅರ್ಧ ದುಡ್ಡು ಉಳಿಯುತ್ತದೆ.

ಮೊದಲು ಕಾರಣ: ಬೇರಿಗೂ ಉಸಿರು ಬೇಕು

ನಮ್ಮ ಸೀಮೆಯಲ್ಲಿ ಹೆಚ್ಚಾಗಿರುವುದು ಎರೆ ಮಣ್ಣು. ಒಂದು ಕಾಲಕ್ಕೆ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಬಟ್ಟೆ ಗಿರಣಿಗಳ ಹಿಂದೆ ಇದ್ದದ್ದು ಎರೆ ಹೊಲದ ಹತ್ತಿ. ಭದ್ರಾ ನಾಲೆ ಬಂದ ಮೇಲೆ ಅದೇ ನೆಲದಲ್ಲಿ ಭತ್ತ ತುಂಬಿತು. ಇಂದಿನ ಎಷ್ಟೋ ಹೊಸ ಬಡಾವಣೆಗಳು ಮೊನ್ನೆಮೊನ್ನೆಯವರೆಗೂ ಹೊಲ, ಗದ್ದೆಗಳೇ.

ಎರೆ ಮಣ್ಣಿನ ಕಣ ಬಹಳ ಸಣ್ಣದು. ನೀರು ತಾಗಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಬೆರಳು ಇಳಿಯುವಷ್ಟು ಬಿರುಕು ಬಿಡುವುದೂ ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಬಿಡದಿರುವುದೂ ಇದರಿಂದಲೇ. ಮಣ್ಣು ಹಿಗ್ಗಿದಾಗ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ಬೇರು ನೀರನ್ನೂ ಹೀರಲಾರದು, ಗೊಬ್ಬರವನ್ನೂ ಹೀರಲಾರದು. ಹಾಗಾಗಿ ಕೆಸರಿನಲ್ಲಿ ನಿಂತ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ನಾವು ಅದನ್ನು ನೋಡಿ ಇನ್ನೊಂದು ಬಕೆಟ್ ನೀರು ಹಾಕುತ್ತೇವೆ.

ಇದೇ ನೆಲದಲ್ಲಿ ಭತ್ತ, ಹತ್ತಿ ಬರುತ್ತವಲ್ಲ ಎಂದು ನೀವು ಕೇಳಬಹುದು. ಭತ್ತದ ಕಾಂಡ ಮತ್ತು ಬೇರಿನೊಳಗೆ ಗಾಳಿ ಇಳಿಯುವ ಟೊಳ್ಳು ದಾರಿಗಳಿವೆ, ಎಲೆಯಿಂದ ಬೇರಿನ ತುದಿಯವರೆಗೆ ಗಾಳಿ ಸಾಗುತ್ತದೆ. ಹತ್ತಿಯ ತಾಯಿಬೇರು ಆಳಕ್ಕಿಳಿದು ಅಲ್ಲಿನ ತೇವದಲ್ಲಿ ಬದುಕುತ್ತದೆ. ಟೊಮೆಟೊ, ಮೆಣಸಿನಕಾಯಿ, ಪಪ್ಪಾಯಿಗೆ ಈ ಎರಡು ಅನುಕೂಲವೂ ಇಲ್ಲ.

ಗುಂಡಿ ತೊಂದರೆ ಕೊಡುವುದೂ ಇದೇ ಕಾರಣಕ್ಕೆ. ಸುತ್ತ ಬಿಗಿ ಎರೆ, ಒಳಗೆ ಸಡಿಲ ಗೊಬ್ಬರ ಮಣ್ಣು ಇದ್ದರೆ ಮಳೆ ನೀರೆಲ್ಲ ಆ ಸಡಿಲ ಜಾಗಕ್ಕೇ ನುಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದೆ ಗಿಡದ ಗುಂಡಿ ನೀರಿನ ತೊಟ್ಟಿಯಾಗಿಬಿಡುತ್ತದೆ. ಅದೇ ಗಿಡವನ್ನು ದಿಬ್ಬದ ಮೇಲೆ ನೆಟ್ಟರೆ ಹೆಚ್ಚಿನ ನೀರು ತಾನಾಗಿ ಕೆಳಗೆ ಹರಿಯುತ್ತದೆ.

ಹಾಗೆಂದು ಎರೆ ಮಣ್ಣನ್ನು ಬೈಯಬೇಡಿ. ಪೋಷಕಾಂಶವನ್ನೂ ತೇವವನ್ನೂ ಅದು ಹಿಡಿದಿಟ್ಟುಕೊಳ್ಳುವಷ್ಟು ಬೇರೆ ಮಣ್ಣು ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಗಾಳಿ ಮತ್ತು ನೀರು ಬಸಿಯುವ ದಾರಿ, ಎರಡೇ.

ನಿಮ್ಮ ಮಣ್ಣು ಯಾವುದು? ಎರಡು ಪರೀಕ್ಷೆ

ಹರಿಹರದಲ್ಲಿ ಹೊಳೆಗೆ ಹತ್ತಿರದ ಓಣಿಗಳಲ್ಲಿ ಮರಳು ಬೆರೆತ ಮೆಕ್ಕಲು ಮಣ್ಣು ಸಿಗುವುದುಂಟು. ಇನ್ನು ಕೆಲವು ಕಡೆ ಸೈಟು ಎತ್ತರಿಸಲು ಕೆಮ್ಮಣ್ಣು ಹೊಡೆಸಿರುತ್ತಾರೆ. ಆದ್ದರಿಂದ ಊಹೆ ಬೇಡ, ಪರೀಕ್ಷೆ ಮಾಡಿ.

1. ಬೆರಳ ಪರೀಕ್ಷೆ. ಅರ್ಧ ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿ ಚೆನ್ನಾಗಿ ನಾದಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿ ಎಳೆಯಿರಿ. ತುಂಡಾಗದೆ 2 ಇಂಚು ಮೀರಿ ಬಂದರೆ ಅದು ಜಿಗುಟು ಎರೆ. 1 ಇಂಚಿನೊಳಗೆ ಮುರಿದರೆ ಗೋಡು ಮಣ್ಣು. ಪಟ್ಟಿಯೇ ಬರದೆ ಉದುರಿದರೆ ಮರಳು ಹೆಚ್ಚು.

2. ಬಸಿಯುವ ಪರೀಕ್ಷೆ. 1 ಅಡಿ ಅಗಲ, 1 ಅಡಿ ಆಳದ ಕುಳಿ ತೋಡಿ ನೀರು ತುಂಬಿಸಿ. ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಒಂದು ಕಡ್ಡಿ ನೆಟ್ಟು ನೀರಿನ ಮಟ್ಟ ಗುರುತು ಮಾಡಿ. ಗಂಟೆಗೆ 1 ಇಂಚಾದರೂ ಇಳಿದರೆ ಚಿಂತೆಯಿಲ್ಲ. ಮರುದಿನವೂ ನೀರು ನಿಂತಿದ್ದರೆ ಏರು ಮಡಿ, ದಿಬ್ಬ ಬಿಟ್ಟು ಬೇರೆ ದಾರಿಯಿಲ್ಲ.

ಮರಳು ಮಣ್ಣು ಸಿಕ್ಕವರಿಗೆ ತೊಂದರೆ ತಿರುಗುಮುರುಗು: ನೀರು, ಗೊಬ್ಬರ ಎರಡೂ ಬೇಗ ಇಳಿದುಹೋಗುತ್ತವೆ. ಅವರು ಕಾಂಪೋಸ್ಟ್ ಹೆಚ್ಚು ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಪದೇ ಪದೇ ಕೊಡಬೇಕು. ಮಣ್ಣಿನ ರಸಸಾರ, ಪೋಷಕಾಂಶದ ಲೆಕ್ಕ ಬೇಕಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.

ನೆಲದಲ್ಲಿ ಮಡಿ ಮಾಡುವ ಕ್ರಮ

1. ಕಟ್ಟಡದ ಕಸ ತೆಗೆಯಿರಿ. 30×40 ಸೈಟಿನ ಮನೆಯಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಪಟ್ಟಿಯೇ ತೋಟ. ಮನೆ ಕಟ್ಟಿದಾಗಿನ ಸಿಮೆಂಟ್ ಗಾರೆ, ಜಲ್ಲಿ, ಇಟ್ಟಿಗೆ ಚೂರು ಹೂತಿರುವುದೂ ಅಲ್ಲೇ. ಎರೆ ಮೊದಲೇ ಸುಣ್ಣದ ಅಂಶವಿರುವ ಕ್ಷಾರ ಮಣ್ಣು, ಗಾರೆ ಅದನ್ನು ಇನ್ನಷ್ಟು ಕೆಡಿಸುತ್ತದೆ. ಒಂದಡಿ ಆಳದವರೆಗಾದರೂ ಆರಿಸಿ ಹೊರಹಾಕಿ.

2. ಹದ ನೋಡಿ ಅಗೆಯಿರಿ. ಹಸಿ ಎರೆಯನ್ನು ಅಗೆದರೆ ಹೆಂಟೆ ಬೀಳುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿ. ಪುಡಿಪುಡಿಯಾದರೆ ಹದ ಬಂದಿದೆ. ಉಂಡೆ ಹಾಗೇ ನಿಂತರೆ ಎರಡು ದಿನ ತಡೆಯಿರಿ.

3. ಮಡಿ ಏರಿಸಿ. 3 ಅಡಿ ಅಗಲ, 9ರಿಂದ 12 ಇಂಚು ಎತ್ತರ ಇರಲಿ. ಮಡಿಗಳ ಮಧ್ಯೆ ಒಂದಡಿ ಕಾಲುದಾರಿ ಬಿಡಿ, ಅದೇ ಬಸಿಗಾಲುವೆಯೂ ಆಗುತ್ತದೆ. ಅದರ ಇಳಿಜಾರು ಮನೆಯ ಪಾಯದಿಂದ ಆಚೆಗಿರಲಿ.

4. ಸಡಿಲಿಸುವ ಸಾಮಗ್ರಿ ಬೆರೆಸಿ. 3×6 ಅಡಿ ಮಡಿಗೆ ಐದಾರು ಪುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಎರಡು ಪುಟ್ಟಿ ಭತ್ತದ ಹೊಟ್ಟು, ಅರ್ಧ ಕೆ.ಜಿ. ಬೇವಿನ ಹಿಂಡಿ ಹಾಕಿ ಮೇಲಿನ 6–8 ಇಂಚು ಮಣ್ಣಿಗೆ ಬೆರೆಸಿ.

5. ಮುಚ್ಚಿಗೆ ಹಾಸಿ. ಭತ್ತದ ಹುಲ್ಲು ಅಥವಾ ಒಣ ಎಲೆಯನ್ನು 2–3 ಇಂಚು ದಪ್ಪ ಹರಡಿ, ಗಿಡದ ಬುಡದಿಂದ ಎರಡಿಂಚು ದೂರವಿಡಿ. ಮುಚ್ಚಿಗೆ ಇದ್ದರೆ ಮಣ್ಣು ಬಿರುಕು ಬಿಡುವುದಿಲ್ಲ. ಬಿರುಕು ಬಿಟ್ಟ ಮಣ್ಣಿಗೆ ಹಾಕಿದ ನೀರು ಬೇರಿಗೆ ಸಿಗದೆ ನೇರ ಪಾತಾಳಕ್ಕೆ ಇಳಿಯುತ್ತದೆ.

6. ಮಡಿ ತುಳಿಯಬೇಡಿ. ಒಂದು ಸಲ ಕಾಲಿಟ್ಟರೂ ಒಳಗಿನ ಗಾಳಿ ಸಂದು ಮುಚ್ಚುತ್ತದೆ. 3 ಅಡಿ ಅಗಲ ಎಂದದ್ದು ಎರಡೂ ಕಡೆಯಿಂದ ಕೈ ನಿಲುಕಲಿ ಎಂದೇ.

ಹೊಟ್ಟಿನ ಬಗ್ಗೆ ಎರಡು ಮಾತು. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳಿರುವ ನಮ್ಮ ಊರುಗಳಲ್ಲಿ ಭತ್ತದ ಹೊಟ್ಟು ಹುಡುಕಬೇಕಾಗಿಲ್ಲ. ಅದರಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ಬೇಗ ಕೊಳೆಯದೆ ಮಣ್ಣನ್ನು ಬಹಳ ಕಾಲ ಸಡಿಲವಾಗಿಡುತ್ತದೆ. ಹಸಿ ಹೊಟ್ಟನ್ನು ಸಗಣಿ ನೀರಿನಲ್ಲಿ ನೆನೆಸಿ ಮೂರು ನಾಲ್ಕು ವಾರ ಗುಡ್ಡೆ ಹಾಕಿಟ್ಟು ಬಳಸುವುದು ಒಳ್ಳೆಯದು. ಅರೆ ಸುಟ್ಟ ಕಪ್ಪು ಹೊಟ್ಟು ಇನ್ನೂ ಉತ್ತಮ. ಪೂರ್ತಿ ಉರಿದ ಬಿಳಿ ಬೂದಿಯನ್ನು ಮಾತ್ರ ಎರೆ ಮಣ್ಣಿಗೆ ಸುರಿಯಬೇಡಿ. ಬೂದಿಯೂ ಕ್ಷಾರ, ಮಣ್ಣೂ ಕ್ಷಾರ, ಎರಡೂ ಸೇರಿದರೆ ಗಿಡಕ್ಕೆ ಕಬ್ಬಿಣ, ಸತು ಸಿಗದೆ ಹೊಸ ಎಲೆಗಳು ಬೆಳ್ಳಗಾಗುತ್ತವೆ.

ತಾರಸಿ ಮತ್ತು ಕುಂಡ

ಎರೆ ಮಣ್ಣೊಂದನ್ನೇ ಕುಂಡಕ್ಕೆ ತುಂಬಬೇಡಿ. ಕೆಮ್ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಅಥವಾ ಹದವಾದ ಹೊಟ್ಟು, ಮೂರನ್ನೂ ಸಮ ಪಾಲು ಬೆರೆಸಿ. ಕೆಮ್ಮಣ್ಣು ಕಡಿಮೆ ಬಿದ್ದರೆ ಒಟ್ಟು ಮಿಶ್ರಣದ ಕಾಲು ಭಾಗದವರೆಗೆ ಎರೆ ಸೇರಿಸಬಹುದು, ಹೆಚ್ಚು ಬೇಡ. ನಾರಿನ ಪುಡಿಯನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿದರೆ ಅದರಲ್ಲಿನ ಉಪ್ಪು ಹೋಗುತ್ತದೆ.

- ಸೊಪ್ಪಿಗೆ 6 ಇಂಚು ಆಳದ ಟ್ರೇ ಸಾಕು.
- ಮೆಣಸಿನಕಾಯಿ, ಬದನೆ, ಟೊಮೆಟೊಗೆ 15–20 ಲೀಟರಿನ ಬಕೆಟ್ ಬೇಕು.
- ಹೀರೆ, ಹಾಗಲದಂಥ ಬಳ್ಳಿಗೆ 40 ಲೀಟರಿನ ಟಬ್ ಇರಲಿ.
- ನಿಂಬೆ, ಪೇರಲಕ್ಕೆ ಅರ್ಧ ಕತ್ತರಿಸಿದ 200 ಲೀಟರ್ ಡ್ರಮ್ ಸರಿ.

ತಳಕ್ಕೆ ನಾಲ್ಕಾರು ತೂತು ಮಾಡಿ, ಮಣ್ಣು ಜಾರದಂತೆ ಹಂಚಿನ ಚೂರು ಮುಚ್ಚಿ. ತಳದಲ್ಲಿ ನಾಲ್ಕಿಂಚು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ತಪ್ಪು. ನುಣುಪು ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಜಲ್ಲಿಯಿಂದ ಆಗುವುದು ಬೇರಿಗೆ ಸಿಗಬೇಕಾದ ಮಣ್ಣು ಕಡಿಮೆಯಾಗುವುದು ಮಾತ್ರ.

ಯಾವಾಗ ಏನು ಹಾಕಬೇಕು?

ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಮಾತು ಹೊಲದವರಿಗಷ್ಟೇ ಅಲ್ಲ, ಹಿತ್ತಿಲಿಗೂ ಸಲ್ಲುತ್ತದೆ. ಕಾಲ ತಪ್ಪಿದ ಬೀಜಕ್ಕೆ ಎಷ್ಟು ಆರೈಕೆ ಮಾಡಿದರೂ ಫಲ ಕಡಿಮೆ.

- ಜೂನ್–ಜುಲೈ: ಬೆಂಡೆ, ಚವಳಿಕಾಯಿ, ಹೀರೆ, ಹಾಗಲ, ಪಡವಲ, ಸೋರೆ. ಬದನೆ, ಮೆಣಸಿನ ಸಸಿ. ಹಣ್ಣಿನ ಗಿಡ ನೆಡಲೂ ಇದೇ ಕಾಲ.
- ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ಟೊಮೆಟೊ, ಅವರೆ, ಬೀನ್ಸ್, ಮೂಲಂಗಿ, ಗಜ್ಜರಿ, ಎಲೆಕೋಸು, ಪಾಲಕ್, ಮೆಂತ್ಯ, ಕೊತ್ತಂಬರಿ. ಹೊಸಬರು ಶುರು ಮಾಡಲು ವರ್ಷದಲ್ಲಿ ಇದಕ್ಕಿಂತ ಸುಲಭ ಸಮಯವಿಲ್ಲ.
- ಜನವರಿ–ಫೆಬ್ರವರಿ: ಸೌತೆ, ಕುಂಬಳ, ಬೆಂಡೆ.
- ಮಾರ್ಚ್–ಮೇ: ದಂಟು, ಪುಂಡಿ, ಬಸಳೆ ಬಿಸಿಲು ತಡೆಯುತ್ತವೆ. ಉಳಿದವಕ್ಕೆ ಶೇಕಡಾ 35–50ರ ನೆರಳು ಪರದೆ ಬೇಕು. ಖಾಲಿ ಮಡಿಯನ್ನು ನೀರಿನಲ್ಲಿ ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಒಳಗಿನ ಕಾವಿಗೆ ಕಳೆ ಬೀಜ, ರೋಗಾಣು ಬಹಳಷ್ಟು ಸಾಯುತ್ತವೆ.

ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ಹೆಸರಿನ ತಳಿಗಳನ್ನು ನೋಡಿ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್. ಆದರೆ ಹೈಬ್ರಿಡ್ ಬೀಜವನ್ನು ಮುಂದಿನ ವರ್ಷಕ್ಕೆ ಕೂಡಿಟ್ಟರೆ ಅದೇ ಗುಣ ಬರುವುದಿಲ್ಲ. ದಂಟಿನಲ್ಲಿ ಅರ್ಕಾ ಸುಗುಣ ಒಮ್ಮೆ ಬಿತ್ತಿದರೆ ಹಲವು ಸಲ ಕೊಯ್ಲು ಕೊಡುತ್ತದೆ.

ಹಣ್ಣಿನ ಗಿಡ: ದಿಬ್ಬದ ಮೇಲೆ ಮೂರು

ಎಲ್ಲಕ್ಕೂ ಒಂದೇ ಕ್ರಮ. ನೆಲವನ್ನು ಹಾರೆಯಿಂದ ಒಂದಡಿ ಸಡಿಲಿಸಿ, ಮಣ್ಣನ್ನು ಹೊರತೆಗೆಯಬೇಡಿ. ಅದರ ಮೇಲೆ ಕಾಂಪೋಸ್ಟ್ ಬೆರೆಸಿದ ಮಣ್ಣಿನಿಂದ 3–4 ಅಡಿ ಅಗಲ, ಒಂದರಿಂದ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ. ಅದರ ನೆತ್ತಿಯ ಮೇಲೆ, ಚೀಲದಲ್ಲಿದ್ದಷ್ಟೇ ಆಳಕ್ಕೆ ಸಸಿ ನೆಡಿ.

1. ಪಪ್ಪಾಯಿ. ಬೇರು ಒಂದೆರಡು ದಿನ ನೀರಲ್ಲಿ ಮುಳುಗಿದರೂ ಸಾಯುವ ಗಿಡ ಇದು, ದಿಬ್ಬದ ಲಾಭ ಹೆಚ್ಚು ಇದಕ್ಕೇ. ಸಾಮಾನ್ಯ ನಾಟಿ ತಳಿಯಲ್ಲಿ ಗಂಡು ಗಿಡ ಬಂದು ಕಾಯಿ ಬಿಡದೆ ಹೋಗಬಹುದು. ಸೂರ್ಯ, ಅರ್ಕಾ ಪ್ರಭಾತ್, ರೆಡ್ ಲೇಡಿ ತಳಿಗಳಲ್ಲಿ ಆ ಭಯವಿಲ್ಲ. ನಾಟಿ ತಳಿಯೇ ಆದರೆ ಒಂದು ದಿಬ್ಬಕ್ಕೆ ಮೂರು ಸಸಿ ನೆಟ್ಟು, ಹೂ ನೋಡಿ ಒಂದನ್ನು ಉಳಿಸಿಕೊಳ್ಳಿ.

2. ನಿಂಬೆ. ಹೂ ಬರಲು ಕೆಲವು ವಾರ ನೀರು ತಡೆಹಿಡಿಯಬೇಕು, ದಿನಾ ನೀರುಣ್ಣುವ ನಿಂಬೆ ಬರೀ ಎಲೆ ಬಿಡುತ್ತದೆ. ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು. ಕೈಯಿಂದ ಆರಿಸಿದರೆ ಸಾಕು. ಕರಿಬೇವಿಗೂ ಅದೇ ಹುಳು ಬರುತ್ತದೆ.

3. ಪೇರಲ. ಹೊಸ ಚಿಗುರಿನಲ್ಲೇ ಹೂ ಬಿಡುವ ಮರವಾದ್ದರಿಂದ ಕೊಯ್ಲು ಮುಗಿದ ಮೇಲೆ ಕೊಂಬೆಯ ತುದಿ ಕತ್ತರಿಸಿ, ಕೈಗೆಟಕುವ ಎತ್ತರದಲ್ಲೇ ಇಟ್ಟುಕೊಳ್ಳಿ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದ ಅಥವಾ ಬಟ್ಟೆ ಚೀಲ ಕಟ್ಟಿದರೆ ಹಣ್ಣಿನ ನೊಣ ಮೊಟ್ಟೆ ಇಡುವುದಿಲ್ಲ. ಗೋಡೆಯಿಂದ ಐದಾರು ಅಡಿ ದೂರವಿರಲಿ.

ನೀರು: ಕಣ್ಣಿಗಿಂತ ಬೆರಳನ್ನು ನಂಬಿ

ಎರೆ ಮಣ್ಣು ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಹಸಿಯಾಗಿರುತ್ತದೆ. ತೋರುಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ತಂಪು, ಅಂಟು ತಾಗಿದರೆ ಆ ದಿನ ನೀರು ಬೇಡ. ನೆಲದ ಮಡಿಗೆ ಮುಚ್ಚಿಗೆ ಇದ್ದರೆ ಚಳಿಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕು. ತಾರಸಿಯ ಕುಂಡಕ್ಕೆ ಏಪ್ರಿಲ್‌ನಲ್ಲಿ ದಿನಾ ಬೆಳಿಗ್ಗೆ ಬೇಕಾಗುತ್ತದೆ.

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ, ಅದರಲ್ಲಿ ಮೂಲ ನೀರಿಗಿಂತ ಲವಣ ಹೆಚ್ಚು. ಬಟ್ಟೆ ಒಗೆದ ಸೋಪಿನ ನೀರೂ ಬೇಡ, ಅದರ ಸೋಡಿಯಂ ಎರೆ ಕಣಗಳನ್ನು ಬಿಡಿಸಿ ಮಣ್ಣನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಗಡಸು ಬೋರ್ ನೀರಿನ ಮನೆಗೆ ಮಳೆ ನೀರೇ ಔಷಧಿ: 1000 ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಎರಡು ಡ್ರಮ್ ಹಿಡಿದಿಟ್ಟರೂ ಸಸಿಗಳಿಗೆ ಎಷ್ಟೋ ದಿನ ಬರುತ್ತದೆ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಮೊದಲು ಎರಡು ಎಲೆಗೆ ಹೊಡೆದು ಮರುದಿನ ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹೂ ಬಿಟ್ಟರೂ ಕಾಯಿ ಕಟ್ಟದಿದ್ದರೆ

- ಟೊಮೆಟೊ: ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಏಪ್ರಿಲ್‌ನಲ್ಲಿ ಹೂ ಉದುರಿದ್ದಕ್ಕೆ ಗೊಬ್ಬರ ಸುರಿಯಬೇಡಿ. ತಂಪು ಕಾಲದಲ್ಲೂ ಉದುರಿದರೆ ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.
- ಹಾಗಲ, ಕುಂಬಳ, ಸೌತೆ: ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಜೇನು ಬಾರದ ತಾರಸಿಯಲ್ಲಿ ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಸವರಿ. ಹೀರೆ, ಸೋರೆ ಹೂ ಅರಳುವುದು ಸಂಜೆ, ಅವಕ್ಕೆ ಆಗಲೇ ಮಾಡಿ.
- ಟೊಮೆಟೊ ತಳ ಕಪ್ಪಾಗುವುದು: ರೋಗವಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಕಾಯಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ನೀರು ಒಂದೇ ಸಮ ಇರಲಿ.

ಹುಳು, ರೋಗ: ನೋಡಿ, ಆಮೇಲೆ ಹೊಡೆಯಿರಿ

ಮೆಣಸಿನ ಎಲೆ ಮೇಲಕ್ಕೆ ಮುದುರಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುರಿದರೆ ಮೈಟ್ ನುಸಿ. ಬೆಂಡೆಯ ಎಲೆ ನರಗಳು ಹಳದಿ ಬಲೆಯಾದರೆ ಬಿಳಿ ನೊಣ ತಂದ ನಂಜು ರೋಗ, ಆ ಗಿಡವನ್ನು ಕಿತ್ತು ಹಾಕುವುದೇ ಮೇಲು. ಬದನೆಯ ಕುಡಿ ಬಾಡಿ ಬಾಗಿದರೆ ಒಳಗೆ ಕೊರಕ ಹುಳುವಿದೆ, ಕುಡಿಯನ್ನು ಒಂದಿಂಚು ಕೆಳಗೆ ಕತ್ತರಿಸಿ ನಾಶ ಮಾಡಿ.

ಮನೆಯಲ್ಲೇ ಮಾಡುವ ಬೇವಿನ ಕಷಾಯ ರಸ ಹೀರುವ ಹುಳುಗಳಿಗೆ ಸಾಕು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಂದು ಚಿಟಿಕೆ ಸೋಪಿನ ಪುಡಿ ಬೆರೆಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಎರೆ ಸಡಿಲವಾಗಲಿ ಎಂದು ನಾಲ್ಕು ಪುಟ್ಟಿ ಮರಳು ಸುರಿಯುವುದು. ಅಷ್ಟರಿಂದ ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಸಡಿಲ ಮಾಡುವುದು ಕಾಂಪೋಸ್ಟ್.
2. ಹಸಿ ಸಗಣಿ, ಹಸಿ ಕೋಳಿ ಗೊಬ್ಬರವನ್ನು ನೇರ ಬುಡಕ್ಕೆ ಹಾಕುವುದು. ಬೇರು ಸುಡುತ್ತದೆ, ಗೊಣ್ಣೆ ಹುಳು ಸೇರುತ್ತದೆ.
3. ಬಾಡಿದ ಗಿಡ ಕಂಡ ಕೂಡಲೇ ನೀರು ಹಾಕುವುದು.
4. ಅಡುಗೆ ಮನೆಯ ಹಸಿ ಕಸವನ್ನು ಹಾಗೇ ಕುಂಡಕ್ಕೆ ಹೂಳುವುದು. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಸೇರಿಸಿ, ತೂತಿರುವ ಡ್ರಮ್ಮಿನಲ್ಲಿ ಎರಡು ಮೂರು ತಿಂಗಳು ಕಳಿಸಿ.
5. ಒಂದೇ ಮಡಿಯಲ್ಲಿ ಟೊಮೆಟೊ ಆದ ಮೇಲೆ ಬದನೆ, ಬದನೆ ಆದ ಮೇಲೆ ಮೆಣಸಿನಕಾಯಿ ಹಾಕುವುದು. ಮೂರೂ ಒಂದೇ ಕುಟುಂಬದವು, ರೋಗವೂ ಒಂದೇ. ನಡುವೆ ಅವರೆ, ಚವಳಿ ಅಥವಾ ಸೊಪ್ಪು ಬರಲಿ.

ಎಚ್ಚರಿಕೆ

- ಒಂದು ಘನ ಅಡಿ ಹಸಿ ಮಣ್ಣು ಸುಮಾರು 45–50 ಕೆ.ಜಿ. ತೂಗುತ್ತದೆ. ದೊಡ್ಡ ಡ್ರಮ್ಮುಗಳನ್ನು ತಾರಸಿಯ ನಡುವೆ ಇಡದೆ ತೊಲೆ, ಗೋಡೆಗಳ ಮೇಲೆ ಬರುವಂತೆ ಇಡಿ. ಹಳೆಯ ಮನೆಯಾದರೆ ಎಂಜಿನಿಯರನ್ನು ಕೇಳಿ.
- ಕುಂಡಗಳನ್ನು ಇಟ್ಟಿಗೆಯ ಮೇಲಿರಿಸಿ. ಅಡಿಯಲ್ಲಿ ನೀರು ನಿಂತರೆ ತಾರಸಿಯೂ ಸೋರುತ್ತದೆ, ಸೊಳ್ಳೆಯೂ ಹುಟ್ಟುತ್ತದೆ. ಮಳೆ ನೀರಿನ ಡ್ರಮ್ಮಿಗೆ ಬಲೆ ಮುಚ್ಚಿ.
- ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದದ್ದನ್ನು ಮನೆಯ ಸೊಪ್ಪಿಗೆ ಹೊಡೆಯಲೇಬೇಡಿ. ಎರಡು ದಿನಕ್ಕೊಮ್ಮೆ ಕೊಯ್ದು ತಿನ್ನುವ ಬೆಳೆಯಲ್ಲಿ ಔಷಧಿಯ ಅಂಶ ಇಳಿಯುವವರೆಗೆ ಕಾಯಲು ಸಮಯವೇ ಇರುವುದಿಲ್ಲ.

ಮೊದಲ ವರ್ಷಕ್ಕೆ ಇಷ್ಟು ಸಾಕು

ಎಲ್ಲವನ್ನೂ ಒಮ್ಮೆಗೇ ಶುರು ಮಾಡಬೇಡಿ. ಒಂದು 3×6 ಮಡಿ ಅಥವಾ ಹತ್ತು ಕುಂಡ, ಅದರಲ್ಲಿ ದಂಟು, ಮೆಂತ್ಯ, ನಾಲ್ಕು ಮೆಣಸಿನ ಗಿಡ, ನಾಲ್ಕು ಬದನೆ, ಒಂದು ಹೀರೆ ಬಳ್ಳಿ. ಜೊತೆಗೆ ಒಂದು ದಿಬ್ಬ, ಅದರ ಮೇಲೊಂದು ಪಪ್ಪಾಯಿ. ಮೆಂತ್ಯ, ದಂಟು ತಿಂಗಳೊಳಗೆ ಅಡುಗೆ ಮನೆಗೆ ಬರುತ್ತವೆ, ಮೆಣಸಿನಕಾಯಿ ಎರಡೂವರೆ ತಿಂಗಳಿಗೆ, ಪಪ್ಪಾಯಿ ಹತ್ತು ತಿಂಗಳ ಆಸುಪಾಸಿಗೆ. ಪ್ರತಿ ಬೆಳೆ ಮುಗಿದಾಗಲೂ ಮಡಿಗೆ ಎರಡು ಪುಟ್ಟಿ ಕಾಂಪೋಸ್ಟ್ ಸೇರಿಸುತ್ತಾ ಹೋಗಿ. ಮೂರನೇ ವರ್ಷಕ್ಕೆ ಮತ್ತೆ ಬೆರಳ ಪರೀಕ್ಷೆ ಮಾಡಿದರೆ ಪಟ್ಟಿ ಮೊದಲಿಗಿಂತ ಬೇಗ ಮುರಿಯುತ್ತದೆ. ಮಣ್ಣು ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ, ಎರಡನೇ ಮಡಿ ಮಾಡಲು ಅದೇ ಸಮಯ.